ಗಾದಿಯ ಕೆಳಗೆ ಅಡಗಿದ ಬಣ್ಣ

ಬೆಳಗಾವಿಯಿಂದ ಬಾಗಲಕೋಟೆ ರಸ್ತೆ ಹಿಡಿದು ಹೊರಟರೆ ಪೇಟೆಯ ಗದ್ದಲ ಹಿಂದೆ ಸರಿಯುತ್ತಿದ್ದಂತೆ ಸಾಂಬ್ರಾ ಸಿಗುತ್ತದೆ. ಹೆಸರು ಕೇಳಿದೊಡನೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿನ ವಿಮಾನ ನಿಲ್ದಾಣ. ಎರಡನೆಯ ಮಹಾಯುದ್ಧ ಕಾವೇರಿದ್ದ 1942ರಲ್ಲಿ ಬ್ರಿಟಿಷರ ರಾಯಲ್ ಏರ್ ಫೋರ್ಸ್ ಇಲ್ಲಿ ನೆಲೆ ಕಟ್ಟಿತು. 1961ರಲ್ಲಿ ಗೋವೆಯನ್ನು ಪೋರ್ಚುಗೀಸರಿಂದ ಬಿಡಿಸುವ ಕಾರ್ಯಾಚರಣೆಗೂ ಆ ನೆಲೆ ಒದಗಿಬಂತು. ಅತ್ತ ಊರೊಳಗೆ ಮರಾಠಾ ಲಘು ಪದಾತಿ ದಳದ ಕೇಂದ್ರ, ಕ್ಯಾಂಪಿನ ಹೆಂಚಿನ ಬಂಗಲೆಗಳು. ದಂಡು ಬಂದಲ್ಲಿ ರಸ್ತೆ ಬರುತ್ತದೆ, ರಸ್ತೆ ಬಂದಲ್ಲಿ ಮೋಟಾರು ಬರುತ್ತದೆ. ಹಳೆಯ ವಾಹನಗಳ ಹುಚ್ಚು ಹತ್ತಿದವರ ಕಣ್ಣು ಇಂಥ ಊರುಗಳ ಸುತ್ತಲಿನ ಹಿತ್ತಲು, ಕೊಟ್ಟಿಗೆಗಳ ಮೇಲೆ ಬೀಳುವುದು ಇದಕ್ಕೇ.

ಹಾಗೊಂದು ಕಾರು ಸಿಕ್ಕಿತೆಂದು ಇಟ್ಟುಕೊಳ್ಳಿ. 1950ರ ದಶಕದ ನಡುವಿನ ಹಿಂದೂಸ್ತಾನ್ ಲ್ಯಾಂಡ್‌ಮಾಸ್ಟರ್. ಅಜ್ಜ ಕೊಂಡದ್ದು, ಅಪ್ಪ ಓಡಿಸಿದ್ದು, ಆಮೇಲೆ ದನದ ಹುಲ್ಲಿನ ಮಗ್ಗುಲಲ್ಲಿ ಮುಚ್ಚಿಟ್ಟದ್ದು. ಮೊಮ್ಮಗನಿಗೆ ಅದನ್ನು ಮತ್ತೆ ರಸ್ತೆಗೆ ತರುವ ಆಸೆ. ಎಂಜಿನ್ನಿಗೆ ಮೆಕ್ಯಾನಿಕ್ ಇದ್ದಾನೆ. ಹೊರಗಿನ ಬಣ್ಣ ಆರ್.ಸಿ. ಪುಸ್ತಕದಲ್ಲಿ ಬರೆದಿದೆ. ಬಾಗಿಲು ತೆಗೆದಾಗ ಮಾತ್ರ ತಕರಾರು ಶುರು. ಸೀಟಿನ ಮೇಲಿರುವುದು ಕಂದು ಬಣ್ಣದ ರೆಕ್ಸಿನ್. ಅದು ಹರಿದಲ್ಲಿ ಒಳಗಿಂದ ಹಸಿರು ಇಣುಕುತ್ತದೆ. ಅಂಗಳದಲ್ಲಿ ಕುಳಿತ ಅಜ್ಜಿಯನ್ನು ಕೇಳಿದರೆ, ‘ಅದು ಕೆಂಪಗಿತ್ತಲ್ಲೋ’ ಎನ್ನುತ್ತಾಳೆ. ಕಂದೋ, ಹಸಿರೋ, ಕೆಂಪೋ? ಯಾವುದು ಅಸಲಿ?

ಇದು ಒಬ್ಬ ಮೊಮ್ಮಗನ ಪ್ರಶ್ನೆಯಲ್ಲ. ಜಗತ್ತಿನಲ್ಲಿ ಎಲ್ಲೆಲ್ಲಿ ಹಳೆಯ ಕಾರುಗಳನ್ನು ಜತನ ಮಾಡುತ್ತಾರೋ ಅಲ್ಲೆಲ್ಲ ಕೇಳಿಬರುವ ಪ್ರಶ್ನೆ. ಹೊರಮೈಯ ಬಣ್ಣಕ್ಕೆ ಸಾಕ್ಷಿ ಹೇಳುವವರು ಹತ್ತು ಮಂದಿ. ಒಳಮೈಯ ಬಣ್ಣಕ್ಕೆ ಸಾಕ್ಷಿ ಹುಡುಕಿ ತೆಗೆಯಬೇಕು.

ಬಣ್ಣಕ್ಕೂ ಬೆಲೆ ಇದೆ

ಸೀಟಿನ ಬಣ್ಣ ಯಾವುದಾದರೇನು, ಕುಳಿತುಕೊಳ್ಳಲು ಮೆತ್ತಗಿದ್ದರೆ ಸಾಲದೇ ಎನ್ನುವವರುಂಟು. ದಿನನಿತ್ಯದ ಕಾರಿಗೆ ಆ ಮಾತು ಒಪ್ಪುತ್ತದೆ. ಆದರೆ ಅರ್ಧ ಶತಮಾನ ದಾಟಿದ ಕಾರು ವಾಹನ ಮಾತ್ರವಲ್ಲ, ದಾಖಲೆಯೂ ಹೌದು. ಆ ಕಾಲದ ಜನ ಯಾವ ಬಟ್ಟೆ ನೇಯುತ್ತಿದ್ದರು, ಯಾವ ಚರ್ಮ ಹದ ಮಾಡುತ್ತಿದ್ದರು, ಯಾವ ಬಣ್ಣವನ್ನು ಘನತೆ ಎಂದು ತಿಳಿದಿದ್ದರು ಎಂಬುದೆಲ್ಲ ಅದರ ಒಳಗೆ ಕುಳಿತಿರುತ್ತದೆ.

ಹಣದ ಲೆಕ್ಕವೂ ಸಣ್ಣದಲ್ಲ. 2015ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಹರಾಜು ನಡೆಯಿತು. ಫ್ರಾನ್ಸಿನ ಹಳ್ಳಿಯೊಂದರ ಎಸ್ಟೇಟಿನಲ್ಲಿ ದಶಕಗಳ ಕಾಲ ಧೂಳು ತಿನ್ನುತ್ತ ಬಿದ್ದಿದ್ದ ಕಾರುಗಳು ಅಂದು ಮಾರಾಟಕ್ಕಿದ್ದವು. ಅವುಗಳಲ್ಲಿ ಒಂದು ಫೆರಾರಿ ಒರೆಸದೆ, ತೊಳೆಯದೆ, ಹೊಲಿಗೆ ಬದಲಿಸದೆ ಇದ್ದ ಸ್ಥಿತಿಯಲ್ಲೇ 1.6 ಕೋಟಿ ಯೂರೋಗಳಿಗೂ ಹೆಚ್ಚು ಬೆಲೆಗೆ ಹೋಯಿತು. ಕೊಂಡವರು ಧೂಳಿಗೆ ಹಣ ಕೊಡಲಿಲ್ಲ. ಯಾರೂ ಕೈಯಾಡಿಸಿಲ್ಲ ಎಂಬ ಭರವಸೆಗೆ ಕೊಟ್ಟರು.

ನಮ್ಮಲ್ಲೂ ಈ ಅಭಿರುಚಿ ಹೊಸದಲ್ಲ. ದೆಹಲಿಯಲ್ಲಿ ‘ಸ್ಟೇಟ್ಸ್‌ಮನ್’ ಪತ್ರಿಕೆ ಹಳೆಯ ಕಾರುಗಳ ರ‍್ಯಾಲಿ ಆರಂಭಿಸಿದ್ದು 1964ರಲ್ಲಿ. ಧರ್ಮಸ್ಥಳದ ‘ಮಂಜೂಷಾ’ ವಸ್ತುಸಂಗ್ರಹಾಲಯದ ಕಾರುಗಳನ್ನು ನೋಡದೆ ಬಂದ ಯಾತ್ರಿಕರು ಕಡಿಮೆ. 2023ರಲ್ಲಿ ಶ್ರೀರಂಗಪಟ್ಟಣದ ಬಳಿ ಮೈಸೂರು ಹೆದ್ದಾರಿಯಲ್ಲಿ ‘ಪಯಣ’ ಎಂಬ ಕಾರು ಸಂಗ್ರಹಾಲಯವೂ ಬಾಗಿಲು ತೆರೆಯಿತು. ಇಂಥಲ್ಲಿ ಜನ ಕಿಟಕಿಗೆ ಮುಖ ಹಚ್ಚಿ ಮೊದಲು ನೋಡುವುದು ಒಳಗಿನ ಗಾದಿಯನ್ನೇ!

ಕಾಗದ ಏನು ಹೇಳುತ್ತದೆ?

ಮೊದಲು ಕಾಗದಪತ್ರ. ನಮ್ಮ ನೋಂದಣಿ ಪುಸ್ತಕದಲ್ಲಿ ಬಣ್ಣದ ಅಂಕಣ ಇದೆ. ಆದರೆ ಅದು ಕೇಳುವುದು ಕಾರಿನ ಮೈ, ಮಡ್‌ಗಾರ್ಡು, ಮುಂಭಾಗಗಳ ಬಣ್ಣವನ್ನು. ಎಷ್ಟು ಜನ ಕೂಡಬಹುದು ಎಂದು ಬರೆದುಕೊಳ್ಳುವ ಸರಕಾರ, ಅವರು ಯಾವ ಬಣ್ಣದ ಗಾದಿಯ ಮೇಲೆ ಕೂಡುತ್ತಾರೆಂದು ಕೇಳುವುದಿಲ್ಲ. ಒಳಮೈಯ ಮಟ್ಟಿಗೆ ಆರ್.ಸಿ. ಪುಸ್ತಕ ಮೂಕ.

ಹೊರದೇಶಗಳಲ್ಲಿ ಕೆಲವು ಅನುಕೂಲಗಳಿವೆ. ಅಮೆರಿಕದ ಷೆವರ್ಲೆಯಂಥ ಕಾರುಗಳ ಬಾನೆಟ್ ಎತ್ತಿದರೆ ಒಳಗೋಡೆಗೆ ಬಡಿದ ಪುಟ್ಟ ತಗಡಿನಲ್ಲಿ ಬಣ್ಣದ ಸಂಖ್ಯೆ, ಒಳಸಜ್ಜಿನ ಸಂಖ್ಯೆ ಎರಡೂ ಇರುತ್ತವೆ. ಸಂಖ್ಯೆಯನ್ನು ಆ ವರ್ಷದ ಕಾರ್ಖಾನೆಯ ಪಟ್ಟಿಯೊಂದಿಗೆ ತಾಳೆ ನೋಡಿದರೆ ಉತ್ತರ ಸಿಗುತ್ತದೆ. ಇಂಗ್ಲೆಂಡಿನ ಗೇಡನ್ ಎಂಬಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಮೋರಿಸ್, ಎಂ.ಜಿ. ಮುಂತಾದ ಕಾರುಗಳ ತಯಾರಿಕಾ ದಾಖಲೆ ಇಟ್ಟುಕೊಂಡಿದೆ; ಚಾಸಿಸ್ ಸಂಖ್ಯೆ ಕೊಟ್ಟರೆ ಪ್ರಮಾಣಪತ್ರ ಕೊಡುತ್ತದೆ. ರೋಲ್ಸ್‌ರಾಯ್ಸ್ ಕಾರುಗಳ ಒಂದೊಂದು ಚಾಸಿಸ್ಸಿನ ಜಾತಕವೂ ಅಲ್ಲಿನ ಅಭಿಮಾನಿಗಳ ಸಂಘದ ಬಳಿ ಇದೆ. ಒಂದು ಕಷ್ಟವೆಂದರೆ, ಯುದ್ಧಕ್ಕೆ ಮುಂಚೆ ರೋಲ್ಸ್‌ರಾಯ್ಸ್ ಮಾಡುತ್ತಿದ್ದುದು ಚಾಸಿಸ್ ಮತ್ತು ಎಂಜಿನ್ ಮಾತ್ರ. ಮೈ ಕಟ್ಟುವುದು, ಗಾದಿ ಹೊಲಿಯುವುದು ಬಾರ್ಕರ್, ಹೂಪರ್ ಮುಂತಾದ ಬೇರೆ ಮನೆಗಳ ಕೆಲಸ. ಮಹಾರಾಜರು ಬಣ್ಣ ಹೇಳಿದ್ದು ಆ ಮನೆಗಳಿಗೆ. ಹೀಗಾಗಿ ಚಾಸಿಸ್ಸಿನ ಜಾತಕದಲ್ಲಿ ಗಾದಿಯ ಬಣ್ಣ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು.

ಭಾರತದ ಕಾರಿಗೆ ಇನ್ನೊಂದು ತೊಡಕು. ಜನರಲ್ ಮೋಟಾರ್ಸ್ ಕಂಪನಿ 1928ರಿಂದಲೇ ಮುಂಬಯಿಯಲ್ಲಿ ಕಾರು ಜೋಡಿಸುತ್ತಿತ್ತು. 1954ರಲ್ಲಿ ಅಂಗಡಿ ಮುಚ್ಚಿತು. ವಾಲಚಂದ ಹೀರಾಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿದ್ದು 1944ರಲ್ಲಿ, ಅದೂ ಮುಂಬಯಿಯಲ್ಲೇ. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸೀಮೆಯಲ್ಲೇ ಕಾರಿನ ಕಾರ್ಖಾನೆ ಆಗಬೇಕೆಂದು ಬಹಳ ಓಡಾಡಿದ್ದರು, ಅದು ಕೈಗೂಡಲಿಲ್ಲ. ಹಿಂದೂಸ್ತಾನ್ ಮೋಟಾರ್ಸ್ 1948ರಲ್ಲಿ ಕಲಕತ್ತೆಯ ಬಳಿಯ ಉತ್ತರಪಾಡಾದಲ್ಲಿ ನೆಲೆನಿಂತಿತು. ಇಲ್ಲೆಲ್ಲ ಮೊದಲಿಗೆ ವಿದೇಶದಿಂದ ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಹಡಗೇರಿ ಬರುತ್ತಿದ್ದವು. ಟಯರು, ಬ್ಯಾಟರಿ, ಗಾದಿಯ ಬಟ್ಟೆಯಂಥ ಸಾಮಾನುಗಳು ಎಂಜಿನ್ನಿಗಿಂತ ಎಷ್ಟೋ ಮುಂಚೆ ಸ್ವದೇಶಿಯಾದವು.

ಇದರ ಅರ್ಥ ಸ್ಪಷ್ಟ. ಲ್ಯಾಂಡ್‌ಮಾಸ್ಟರ್ ಕಾರಿನ ಮೂಲ ಮೋರಿಸ್ ಆಕ್ಸ್‌ಫರ್ಡ್ ಎರಡನೆಯ ಸರಣಿ. ಹಾಗೆಂದು ಇಂಗ್ಲೆಂಡಿನ ಮೋರಿಸ್ ಕಾರಿನ ಕೈಪಿಡಿ ತೆರೆದು, ಅದರಲ್ಲಿ ಕಂಡ ಬಣ್ಣವನ್ನೇ ಉತ್ತರಪಾಡಾದ ಕಾರಿಗೆ ಹೊಲಿಸಿದರೆ ಅದು ಇಂಗ್ಲೆಂಡಿಗೆ ನಿಷ್ಠೆಯೇ ಹೊರತು ಆ ಕಾರಿಗಲ್ಲ. ಬೆಳಗಾವಿಯವರು ಮತ್ತೊಂದು ಮಾತು ನೆನಪಿಡಬೇಕು. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಕೊಡುಕೊಳ್ಳುವಿಕೆಯ ಹಾದಿಯೂ ಅತ್ತಲೇ. ಆದ್ದರಿಂದ ಇಲ್ಲಿನ ಹಳೆಯ ಕಾರಿನ ಹಳೆಯ ರಸೀದಿ ಹುಡುಕುವವರು ಬೆಂಗಳೂರಿನತ್ತ ನೋಡುವ ಮುಂಚೆ ಮುಂಬಯಿಯ ಕಡೆ ನೋಡುವುದು ಲೇಸು.

ಸೀಟು ಎತ್ತಿ ನೋಡಿ

ಕಾಗದ ಕೈಕೊಟ್ಟರೆ ಕಾರನ್ನೇ ಕೇಳಬೇಕು. ಇಲ್ಲಿ ನಮ್ಮ ಜನರ ಒಂದು ಅಭ್ಯಾಸ ವರವಾಗಿದೆ. ಹೊಸ ಕಾರು ಮನೆಗೆ ಬಂದ ದಿನವೇ ಅದಕ್ಕೆ ಸೀಟ್ ಕವರ್ ತೊಡಿಸುವವರು ನಾವು. ಷೋರೂಮಿನ ಪ್ಲಾಸ್ಟಿಕ್ ಹಾಳೆಯನ್ನು ವರ್ಷಗಟ್ಟಲೆ ಕೀಳದವರೂ ಇದ್ದಾರೆ. ಸಾಹೇಬರ ಅಂಬಾಸಡರಿನ ಸೀಟಿಗೆ ಬಿಳಿ ಟರ್ಕಿ ಟವೆಲ್ ಹೊದಿಸದಿದ್ದರೆ ಅದು ಸರಕಾರಿ ಕಾರೇ ಅಲ್ಲ! ಈ ‘ಜೋಪಾನ’ದಿಂದ ಕುಳಿತವರಿಗೆ ಸೆಕೆಯಾಗಿರಬಹುದು, ಆದರೆ ಅಡಿಯಲ್ಲಿದ್ದ ಮೂಲ ಗಾದಿ ಬಿಸಿಲು ಕಾಣದೆ ಉಳಿದುಕೊಂಡಿತು. ಹರಿದ ಕವರನ್ನು ಕಿತ್ತೆಸೆಯುವ ಮುನ್ನ ಅದರ ಕೆಳಗೊಮ್ಮೆ ನೋಡುವುದು ಮೊದಲ ಪಾಠ.

ಎರಡನೆಯ ಪಾಠ, ಬಿಸಿಲು ತಾಗದ ಜಾಗ ಹುಡುಕುವುದು. ಶಹಾಪುರದ ಹಳೆಯ ಸೀರೆಯ ನಿಜ ಬಣ್ಣ ಗೊತ್ತಾಗಬೇಕಾದರೆ ಹೆಂಗಸರು ಸೆರಗು ನೋಡುವುದಿಲ್ಲ, ಅಂಚನ್ನು ಒಳಗೆ ಮಡಿಚಿ ಹೊಲಿದ ಕಡೆ ಬಿಚ್ಚಿ ನೋಡುತ್ತಾರೆ. ಕಾರಿಗೂ ಅದೇ ನ್ಯಾಯ. ಸೀಟನ್ನು ಹೊರಗೆತ್ತಿ ಬೋರಲು ಹಾಕಿದರೆ ಬಟ್ಟೆಯನ್ನು ಒಳಕ್ಕೆ ಮಡಿಚಿ ಮೊಳೆ ಹೊಡೆದ ಅಂಚು ಕಾಣುತ್ತದೆ. ಬಾಗಿಲಿನ ಒಳಹಲಗೆ ಬಿಚ್ಚಿದರೆ ಅದರ ಬೆನ್ನಿಗೆ ಮಡಿಚಿದ ತುದಿ ಸಿಗುತ್ತದೆ. ಎಲ್ಲಕ್ಕಿಂತ ಸುಲಭವಾದದ್ದು ಕಿಟಕಿಯ ಗಾಜು ಏರಿಸಿ ಇಳಿಸುವ ಹಿಡಿಕೆ. ಅದರ ಬುಡದ ದುಂಡು ಬಿಲ್ಲೆ ತೆಗೆದರೆ ಅಡಿಯಲ್ಲಿ ನಾಣ್ಯದಗಲದ ಒಂದು ವೃತ್ತ. ಸುತ್ತಲಿನದೆಲ್ಲ ಮಾಸಿದ್ದರೂ ಅಷ್ಟು ಜಾಗದಲ್ಲಿ ಬಣ್ಣ ಅಂದಿನಂತೆಯೇ ಇರಬಹುದು. ಬೂದಿಬಟ್ಟಲಿನ ಅಡಿ, ಬಿಸಿಲುಪಟ್ಟಿಯ ಒಳಮಗ್ಗುಲು, ಡ್ಯಾಶ್‌ಬೋರ್ಡಿನ ಕಳ್ಳಪೆಟ್ಟಿಗೆಯ ಮೂಲೆ ಇವೂ ಅಂಥ ತಾವುಗಳೇ.

ಆದರೆ ಅಡಗಿದ್ದೆಲ್ಲ ಅಸಲಿ ಎಂದು ಹಿಗ್ಗಬಾರದು. ಎರಡನೆಯ ಸಲ ಗಾದಿ ಹೊಲಿಸಿದಾಗಲೂ ಬಟ್ಟೆಯನ್ನು ಒಳಕ್ಕೆ ಮಡಿಚಿಯೇ ಹೊಡೆದಿರುತ್ತಾರೆ. ಮಡಿಕೆಯ ಬಣ್ಣ ಆ ಬಟ್ಟೆ ಹೊಸದಿದ್ದಾಗ ಹೇಗಿತ್ತೆಂದು ಹೇಳುತ್ತದೆ. ಅದು ಕಾರ್ಖಾನೆಯ ಬಟ್ಟೆಯೇ ಎಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಮೊಳೆಯ ತೂತು. ಮರದ ಪಟ್ಟಿಯಲ್ಲಿ ಒಂದೇ ಸಾಲು ತೂತಿದ್ದರೆ ಬಟ್ಟೆ ಒಮ್ಮೆ ಮಾತ್ರ ಕೂತಿದೆ. ಎರಡು ಮೂರು ಸಾಲು ತೂತುಗಳಿದ್ದರೆ ಅಷ್ಟು ಸಲ ಗಾದಿ ಬದಲಾಗಿದೆ. ಹಳೆಯ ತೂತುಗಳ ಬಾಯಲ್ಲಿ, ತುಕ್ಕು ಹಿಡಿದ ಮೊಳೆಯ ತಲೆಯಡಿ ಹಿಂದಿನ ಬಟ್ಟೆಯ ನಾಲ್ಕು ಎಳೆ ಸಿಕ್ಕಿಕೊಂಡಿದ್ದರೆ ಅದೇ ಚಿನ್ನ!

ನಮ್ಮ ಲ್ಯಾಂಡ್‌ಮಾಸ್ಟರಿನ ಜಗಳ ಇತ್ಯರ್ಥವಾಗಬೇಕಾದದ್ದೂ ಹೀಗೆಯೇ. ಕಂದು ಬಟ್ಟೆಗೆ ಒಂದು ಸಾಲು ಮೊಳೆ, ಹಸಿರಿಗೆ ಇನ್ನೊಂದು, ಅದರಾಚೆ ಖಾಲಿ ತೂತುಗಳ ಮೂರನೆಯ ಸಾಲು. ಆ ಮೂರನೆಯ ಸಾಲಿನ ಮೊಳೆಯೊಂದರ ಅಡಿ ಮೆರೂನ್ ಬಣ್ಣದ ಚೂರು, ಕಿಟಕಿಯ ಬಿಲ್ಲೆಯ ಕೆಳಗೂ ಅದೇ ಮೆರೂನ್ ಸಿಕ್ಕರೆ ಗೆದ್ದವಳು ಅಜ್ಜಿ. ಒಂದೇ ಕಡೆ ಸಿಕ್ಕ ಚೂರನ್ನು ನಂಬಬಾರದು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಜಾಗಗಳು ಒಂದೇ ಮಾತು ಹೇಳಬೇಕು. ಕೋರ್ಟಿನಲ್ಲೂ ಹಾಗೆಯೇ ಅಲ್ಲವೇ?

ಚರ್ಮ, ರೆಕ್ಸಿನ್, ದಾರ

ಬಣ್ಣ ಸರಿಯಿದ್ದರೂ ಅದು ಕೂತ ವಸ್ತು ತಪ್ಪಿದ್ದರೆ ಅಸಲಿ ಅನ್ನುವಂತಿಲ್ಲ. ‘ರೆಕ್ಸಿನ್’ ಎಂಬುದು ಈಗ ಕನ್ನಡದ ಮಾತೇ ಆಗಿಬಿಟ್ಟಿದೆ. ಶಾಲೆಯ ಚೀಲದಿಂದ ಹಿಡಿದು ರಿಕ್ಷಾದ ಸೀಟಿನವರೆಗೆ ಎಲ್ಲವೂ ರೆಕ್ಸಿನ್. ಮೂಲತಃ ಅದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬ ಊರಿನ ಕಂಪನಿಯೊಂದರ ಹೆಸರು. ಬಟ್ಟೆಯ ಮೇಲೆ ನೈಟ್ರೋಸೆಲ್ಯುಲೋಸ್, ಕರ್ಪೂರದೆಣ್ಣೆ, ಮದ್ಯಸಾರ, ಬಣ್ಣದ ಪುಡಿ ಸೇರಿಸಿದ ಲೇಪ ಬಳಿದು, ಚರ್ಮದ ಗೆರೆ ಒತ್ತಿದರೆ ಅದು ರೆಕ್ಸಿನ್. ಈಗ ಪೇಟೆಯಲ್ಲಿ ಅದೇ ಹೆಸರಿನಲ್ಲಿ ಸಿಗುವುದು ಬೇರೆ ವಸ್ತು, ಪಿ.ವಿ.ಸಿ. ಲೇಪದ ಬಟ್ಟೆ. ಅದು ವ್ಯಾಪಕವಾಗಿ ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಹಳೆಯ ರೆಕ್ಸಿನ್ ಒಣಗಿ, ಬಿರಿದು, ಹಪ್ಪಳದಂತೆ ಚಕ್ಕೆ ಏಳುತ್ತದೆ. ನೈಟ್ರೋಸೆಲ್ಯುಲೋಸ್ ಬೆಂಕಿಗೆ ಬಹಳ ಬೇಗ ತುತ್ತಾಗುವ ಪದಾರ್ಥ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡುವ ಗ್ಯಾರೇಜು ಪಂಡಿತರನ್ನು ಇದರ ಹತ್ತಿರ ಬಿಡಕೂಡದು.

ಚರ್ಮದ ವಿಷಯ ಬೆಳಗಾವಿ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಅಥಣಿ, ನಿಪ್ಪಾಣಿಗಳ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಾಗ ಅದರಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದ್ದವು. ಜಾಲಿಯ ತೊಗಟೆ, ಅಳಲೆಕಾಯಿ ಹಾಕಿ ಹದಗೊಳಿಸಿದ ಆ ಚರ್ಮ ಹೊಸದಾಗಿದ್ದಾಗ ತಿಳಿಗಂದು. ಬಿಸಿಲು, ಬೆವರು ಕುಡಿದಂತೆ ಕೆಂಗಂದಾಗಿ ಕಪ್ಪಿನತ್ತ ತಿರುಗುತ್ತದೆ. ಕಾರಿನ ಚರ್ಮವೂ ಹಾಗೆ ಬದಲಾಗಬಲ್ಲದು. ಕತ್ತರಿಸಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ, ತೊಗಟೆಯಲ್ಲಿ ಹದವಾದದ್ದು ಒಳಗೆಲ್ಲ ಕಂದು. ಕ್ರೋಮ್ ಲವಣದಲ್ಲಿ ಹದವಾದದ್ದರ ನಡುವೆ ನೀಲಿಛಾಯೆಯ ಬೂದು. ಆದರೆ ಕ್ರೋಮ್ ಹದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1884ರಲ್ಲೇ. ಹಾಗಾಗಿ ನೀಲಿ ಅಂಚು ಕಂಡೊಡನೆ ‘ನಕಲಿ’ ಎಂದು ಕೂಗಬಾರದು. ಉಳಿದ ಸಾಕ್ಷಿಗಳ ಜೊತೆಗಿಟ್ಟು ತೂಗಬೇಕು. ಬ್ರಿಟಿಷ್ ಕಾರುಗಳಿಗೆ ಚರ್ಮ ಒದಗಿಸುತ್ತಿದ್ದ ಪ್ರಸಿದ್ಧ ಕಾನಲಿ ಮನೆತನ 1878ರಿಂದ ಕೆಲಸ ಮಾಡಿತ್ತು. ಪ್ರತಿ ಬಣ್ಣಕ್ಕೂ ಒಂದು ಸಂಖ್ಯೆ, ಮಾದರಿಯ ತುಂಡು ಇಟ್ಟಿತ್ತು. ಆ ಹಳೆಯ ಕಾರ್ಖಾನೆ 2002ರಲ್ಲಿ ಮುಚ್ಚಿತು. ಅದರ ಮಾದರಿ ಪುಸ್ತಕಗಳು ಈಗ ಕಾರುಗಳಷ್ಟೇ ಜತನದ ವಸ್ತು.

ಹೊಟ್ಟೆಯೊಳಗಿನ ತುರುಕು ಕೂಡ ವಯಸ್ಸು ಹೇಳುತ್ತದೆ. ಕುದುರೆಕೂದಲು, ತೆಂಗಿನ ನಾರು ಹಳಬರು. ರಬ್ಬರಿನ ಹಾಲಿನಿಂದ ಮಾಡಿದ ಮೆತ್ತೆ ಡನ್ಲಪ್ ಕಂಪನಿಯ ಕೈಯಲ್ಲಿ ಹುಟ್ಟಿದ್ದು 1929ರ ಸುಮಾರಿಗೆ. ಈಗಿನ ಪಾಲಿಯುರಿಥೇನ್ ಫೋಮ್ ಮಾರುಕಟ್ಟೆಗೆ ಹರಿದದ್ದು 1950ರ ದಶಕದಲ್ಲಿ. ಪಾಲಿಯೆಸ್ಟರ್ ಎಳೆ ಕಂಡುಹಿಡಿದದ್ದೇ 1941ರಲ್ಲಿ. 1939ರ ಕಾರಿನ ಸೀಟಿನಲ್ಲಿ ಪಾಲಿಯೆಸ್ಟರ್ ದಾರದ ಹೊಲಿಗೆ ಕಂಡರೆ, ಬಣ್ಣ ಎಷ್ಟೇ ಹಳೆಯದಾಗಿ ಕಾಣಲಿ, ಹೊಲಿದ ಕೈ ನಂತರದ್ದು.

ಶ್ರೀಮಂತರ ಕಾರುಗಳಲ್ಲಿ ಪುನರುದ್ಧಾರದ ಹೆಸರಿನಲ್ಲಿ ಆಗುವ ದೊಡ್ಡ ಪ್ರಮಾದ ಬೇರೆಯೇ. ಚರ್ಮ ಎಂದರೆ ವೈಭವ ಎಂದು ಬಗೆದು ಹಿಂದೆ ಮುಂದೆ ಎಲ್ಲಕ್ಕೂ ಚರ್ಮ ಹೊಲಿಸುತ್ತಾರೆ. ಯುದ್ಧಪೂರ್ವದ ದೊಡ್ಡ ಲಿಮೊಸಿನ್‌ಗಳಲ್ಲಿ ರೂಢಿ ಇದಕ್ಕೆ ತಿರುವುಮುರುವು. ಚರ್ಮ ಇದ್ದುದು ಮುಂದೆ, ಡ್ರೈವರನಿಗೆ. ಏಕೆಂದರೆ ಅವನು ಮಳೆ ಗಾಳಿಗೆ ಒಡ್ಡಿಕೊಂಡು ಕೂರುವವನು, ಚರ್ಮ ತಾಳಿಕೆ ಬರುವ ವಸ್ತು. ಹಿಂದೆ ಗಾಜಿನಾಚೆ ಕೂರುವ ಧಣಿಗೆ ಇಂಗ್ಲೆಂಡಿನ ಮೆತ್ತನೆಯ ಉಣ್ಣೆಬಟ್ಟೆ. ಧಣಿಯ ಸೀಟಿಗೆ ಚರ್ಮ ಹೊಲಿಸಿದವರು ಅವನನ್ನು ಮೇಲೇರಿಸಿದೆವೆಂದು ತಿಳಿಯುತ್ತಾರೆ. ಅಂದಿನ ಲೆಕ್ಕದಲ್ಲಿ ಅವನನ್ನು ಡ್ರೈವರನ ಸಾಲಿಗೆ ಇಳಿಸಿದ್ದಾರೆ!

ಕಣ್ಣೂ ಮೋಸ ಮಾಡುತ್ತದೆ

ಸೀರೆ ಅಂಗಡಿಯಲ್ಲಿ ಆರಿಸಿದ ಸೀರೆಯನ್ನು ಬಾಗಿಲಿನಾಚೆ ಬೆಳಕಿಗೆ ತಂದು ನೋಡದ ಗೃಹಿಣಿಯರಿಲ್ಲ. ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸಿದ ಎರಡು ಬಣ್ಣಗಳು ಹಗಲಿನಲ್ಲಿ ಬೇರೆ ಬೇರೆ ಕಾಣುತ್ತವೆ. ಬಣ್ಣದ ಪುಡಿಗಳು ಬೇರೆಯಾದಾಗ ಹೀಗಾಗುವುದು ವಿಜ್ಞಾನಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಹಳೆಯ ಚೂರಿನ ಪಕ್ಕ ಹೊಸ ಬಟ್ಟೆ ಇಟ್ಟು ನೋಡುವವರು ಬೆಳಗಿನ ನೆರಳಿನಲ್ಲೊಮ್ಮೆ, ಸಂಜೆ ಬಲ್ಬಿನಡಿ ಇನ್ನೊಮ್ಮೆ ನೋಡಬೇಕು. ಎರಡೂ ಹೊತ್ತು ಹೊಂದಿದರೆ ಮಾತ್ರ ಹೊಂದಿತು. ಬಣ್ಣವನ್ನು ಅಂಕಿಯಲ್ಲಿ ಅಳೆಯುವ ಯಂತ್ರಗಳೂ ಇವೆ. ಅದಕ್ಕೆ ಬೇಕಾದ ಅಂತರರಾಷ್ಟ್ರೀಯ ಅಳತೆಗೋಲು 1931ರಲ್ಲೇ ಸಿದ್ಧವಾಯಿತು. ಆದರೆ ಯಂತ್ರಕ್ಕೆ ಯಾವ ಚೂರನ್ನು ತೋರಿಸಬೇಕೆಂಬ ವಿವೇಕ ಮನುಷ್ಯನದೇ.

ಹಳೆಯ ಫೋಟೊ ನಂಬಬಹುದೇ? ಕಪ್ಪುಬಿಳುಪಿನ ಚಿತ್ರ ಕೆಲವೊಮ್ಮೆ ನೇರವಾಗಿ ಸುಳ್ಳು ಹೇಳುತ್ತದೆ. ಹಿಂದಿನ ಕಾಲದ ಒಂದು ಬಗೆಯ ಫಿಲ್ಮಿಗೆ ಕೆಂಪು ಬೆಳಕು ಕಾಣಿಸುತ್ತಲೇ ಇರಲಿಲ್ಲ. ಅದರಲ್ಲಿ ಕಡುಗೆಂಪು ಗಾದಿ ಕಪ್ಪಗೆ, ನೀಲಿ ಗಾದಿ ಬೆಳ್ಳಗೆ ಮೂಡುತ್ತಿತ್ತು. ಕಂಪನಿಯ ಬಣ್ಣದ ಜಾಹೀರಾತೂ ಅಚ್ಚಿನ ಮಸಿಯನ್ನು ಅವಲಂಬಿಸಿದ್ದೇ. ಫೋಟೊದಿಂದ ಹೊಲಿಗೆಯ ಗೆರೆ, ಮಡಿಕೆಗಳ ಸಂಖ್ಯೆ, ಎರಡು ಬಣ್ಣಗಳ ಹಂಚಿಕೆ ಇವನ್ನು ತಿಳಿಯಬಹುದು, ಬಣ್ಣವನ್ನಲ್ಲ.

ಬಿಸಿಲೂ ಬಣ್ಣವನ್ನು ಬರಿದೇ ತಿಳಿಗೊಳಿಸುವುದಿಲ್ಲ, ಬೇರೆಯದನ್ನೇ ಮಾಡಿಬಿಡುತ್ತದೆ. ಹಳೆಯ ಜವಳಿಯಲ್ಲಿ ಹಳದಿ, ನೀಲಿ ಕೂಡಿಸಿ ಮಾಡಿದ ಹಸಿರಿನಿಂದ ಹಳದಿ ಮೊದಲು ಹಾರಿಹೋಗಿ ನೀಲಿ ಉಳಿಯುವುದುಂಟು. ಬೀಡಿ, ಸಿಗರೇಟಿನ ಹೊಗೆ ಮೇಲ್ಛಾವಣಿಯ ಬಟ್ಟೆಯನ್ನು ಹಳದಿಗೊಳಿಸುತ್ತದೆ. ಖಾನಾಪುರದ ಕಡೆಯ ಮಳೆಗಾಲದ ತೇವಕ್ಕೆ ಚರ್ಮಕ್ಕೆ ಬೂಷ್ಟು ಹಿಡಿದು ಕಲೆ ಉಳಿಯುತ್ತದೆ. ಬೆಳಗಾವಿಗೆ ಒಂದು ಮಗ್ಗುಲಲ್ಲಿ ಮಲೆನಾಡಿನ ಜಡಿಮಳೆ, ಇನ್ನೊಂದು ಮಗ್ಗುಲಲ್ಲಿ ಬಯಲುಸೀಮೆಯ ಬಿಸಿಲು. ಒಂದೇ ಬಣ್ಣದ ಎರಡು ಕಾರು ಇಬ್ಬರು ಬೀಗರ ಮನೆ ಸೇರಿದರೆ ಐವತ್ತು ವರ್ಷದ ನಂತರ ಅವು ಒಂದೇ ಆಗಿದ್ದವೆಂದರೆ ಯಾರೂ ನಂಬಲಾರರು.

ಇನ್ನು ನೆನಪು. ಮನುಷ್ಯ ಬಣ್ಣವನ್ನು ಇದ್ದದ್ದಕ್ಕಿಂತ ಗಾಢವಾಗಿ ನೆನಪಿಟ್ಟುಕೊಳ್ಳುತ್ತಾನೆ. ಒಬ್ಬರ ಕಂದು ಮತ್ತೊಬ್ಬರ ಕೆಂಪು. ಅಜ್ಜಿಯ ‘ಕೆಂಪು’ ಮೆರೂನ್ ಆಗಿದ್ದೀತು, ಕೆಂಗಂದೂ ಆಗಿದ್ದೀತು. ಹಿರಿಯರ ಮಾತನ್ನು ತೀರ್ಪೆಂದು ತಿಳಿಯದೆ ಸುಳಿವೆಂದು ತಿಳಿಯಬೇಕು. ಆದರೆ ಅವರು ಇರುವಾಗಲೇ ಕೇಳಬೇಕು.

ಜೀಪಿನ ಹಸಿರು

ಸಾಂಬ್ರಾದಂಥ ನೆಲೆಗಳ ಕಾಲದ ವಾಹನವೆಂದರೆ ಜೀಪು. ಯುದ್ಧಕಾಲದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಮೀರಿ ಜೀಪು ತಯಾರಿಸಿದವು. ಯುದ್ಧ ಮುಗಿದ ಮೇಲೆ ಹೆಚ್ಚುವರಿಯಾದ ಮಿಲಿಟರಿ ವಾಹನಗಳು ಈ ದೇಶದಲ್ಲೂ ವಿಲೇವಾರಿಯಾದವು. 1947ರಲ್ಲಿ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿತು. ಜೀಪಿನಲ್ಲಿ ಒಳಬಣ್ಣ, ಹೊರಬಣ್ಣ ಎಂಬ ಭೇದವೇ ಇಲ್ಲ. ಒಳಗೂ ಹೊರಗೂ ಒಂದೇ ಹೊಳಪಿಲ್ಲದ ಹಸಿರು, ಸೀಟಿಗೆ ದಪ್ಪ ಕ್ಯಾನ್ವಾಸು.

ಇದು ಸುಲಭದ ತುತ್ತೆಂದುಕೊಂಡರೆ ಅಲ್ಲೂ ಕಲ್ಲಿದೆ. ಅಮೆರಿಕದ ಯುದ್ಧಕಾಲದ ಹಸಿರು ಕಂದಿನತ್ತ ವಾಲಿದ್ದು. ಭಾರತೀಯ ಸೇನೆಯ ಹಸಿರು ಅದಕ್ಕಿಂತ ಹೆಚ್ಚು ಹಸಿರು. ಸೇನೆಯ ಜೀಪೆಂದು ಪೇಟೆಯಲ್ಲಿ ಸಿಕ್ಕ ಮಿಲಿಟರಿ ಬಣ್ಣ ಹೊಡೆದರೆ 1944ರ ಜೀಪು 1971ರ ಜೀಪಿನ ವೇಷ ತೊಟ್ಟಂತೆ. ಸತ್ಯ ತಿಳಿಯಲು ಡ್ಯಾಶ್‌ಬೋರ್ಡಿನ ಬೆನ್ನಲ್ಲಿ, ಮರೆಯಾದ ಮೂಲೆಯಲ್ಲಿ ಬೆರಳಗಲದ ಜಾಗವನ್ನು ನಯವಾದ ಉಪ್ಪುಕಾಗದದಿಂದ ಓರೆಯಾಗಿ ಮೆಲ್ಲಗೆ ಉಜ್ಜುತ್ತಾರೆ. ಬಣ್ಣದ ಪದರಗಳು ಮರದ ಕಾಂಡದ ಉಂಗುರಗಳಂತೆ ಒಂದರೊಳಗೊಂದು ತೆರೆದುಕೊಳ್ಳುತ್ತವೆ: ಮೇಲೆ ಪಂಚಾಯತಿಯ ಬಿಳಿ, ಅದರಡಿ ತೋಟದವರ ನೀಲಿ, ಅದರಡಿ ಹಸಿರು, ತಳದಲ್ಲಿ ಪ್ರೈಮರ್. ಪ್ರೈಮರಿಗೆ ತಾಗಿದ ಪದರವೇ ಮೊದಲ ಬಣ್ಣ. ಉಜ್ಜುವುದು ಬೆರಳಗಲ ಮಾತ್ರ. ಇಡೀ ಹಲಗೆ ಉಜ್ಜಿದರೆ ಪುಸ್ತಕವನ್ನು ಓದಲು ಹೋಗಿ ಸುಟ್ಟಂತೆ.

ಯಾವ ದಿನದ ಸತ್ಯ?

ಕಾರ್ಖಾನೆಯ ಬಣ್ಣ ಪತ್ತೆಯಾಯಿತೆನ್ನಿ. ಆಗಲೂ ಪ್ರಶ್ನೆ ಮುಗಿಯುವುದಿಲ್ಲ. ಅಜ್ಜ 1960ರ ದಶಕದಲ್ಲಿ ಬೆಳಗಾವಿಯ ಗಾದಿ ಹೊಲಿಯುವವನಿಂದ ಹಸಿರು ರೆಕ್ಸಿನ್ ಹಾಕಿಸಿದ್ದ. ಅಪ್ಪನ ಮದುವೆ ಮೆರವಣಿಗೆ ಹೋದದ್ದು ಆ ಹಸಿರು ಸೀಟಿನ ಮೇಲೆ. ಆ ಹಸಿರು ಸುಳ್ಳೇ?

ಅಮೆರಿಕದ ಅಧ್ಯಕ್ಷ ಕೆನಡಿ ಗುಂಡೇಟಿಗೆ ಬಲಿಯಾದ ಲಿಂಕನ್ ಕಾರನ್ನು ನೋಡಿ. 1963ರ ನವೆಂಬರ್ 22ರಂದು ಅದು ಕಡುನೀಲಿ. ಹತ್ಯೆಯ ಬಳಿಕ ಸರಕಾರ ಅದನ್ನು ಬಿಸಾಡಲಿಲ್ಲ. ಕವಚ ಹಾಕಿಸಿ, ಒಳಸಜ್ಜು ಬದಲಿಸಿ, ಮುಂದೆ ಕಪ್ಪು ಬಣ್ಣ ಹೊಡೆಸಿ 1977ರವರೆಗೆ ಓಡಿಸಿತು. ಈಗ ಅದು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ, ಕಪ್ಪು ಕಾರಾಗಿಯೇ. ಕಾರು ಅದೇ; ಸೀಟು ಆ ದಿನದ್ದಲ್ಲ. ಅದನ್ನು ಮತ್ತೆ ನೀಲಿ ಮಾಡಿದರೆ ಆಮೇಲಿನ ಹದಿಮೂರು ವರ್ಷದ ಚರಿತ್ರೆ ಅಳಿಯುತ್ತದೆ. ನಮ್ಮಲ್ಲಿ ಸುಭಾಷಚಂದ್ರ ಬೋಸರು 1941ರ ಜನವರಿಯಲ್ಲಿ ಕಲಕತ್ತೆಯ ಮನೆಯಿಂದ ತಪ್ಪಿಸಿಕೊಂಡು ಹೋದ ವಾಂಡರರ್ ಕಾರಿನ ಪುನರುದ್ಧಾರವಾಗಿ, 2017ರ ಜನವರಿಯಲ್ಲಿ ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ಅದನ್ನು ನೇತಾಜಿ ಭವನದಲ್ಲಿ ಅನಾವರಣ ಮಾಡಿದರು. ಅಲ್ಲಿ ಜನ ನೋಡಬಯಸುವುದು ಕಾರ್ಖಾನೆಯಿಂದ ಹೊರಬಿದ್ದ ದಿನದ ಕಾರನ್ನಲ್ಲ, ಆ ಒಂದು ರಾತ್ರಿಯ ಕಾರನ್ನು. ಒಂದೊಂದು ಕಾರಿಗೆ ಒಂದೊಂದು ದಿನ ಮುಖ್ಯ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದಿನ ಧೋರಣೆಯೂ ಇದೇ: ವಾಹನ ಬಾಳಿದ ಕಾಲದಲ್ಲಿ ಆದ ಬದಲಾವಣೆಗಳೂ ಅದರ ಚರಿತ್ರೆಯೇ, ಸಾಧ್ಯವಾದಷ್ಟು ಉಳಿಸಿ, ಅನಿವಾರ್ಯವಾದರೆ ಮಾತ್ರ ಬದಲಿಸಿ, ಬದಲಿಸಿದ್ದನ್ನು ದಾಖಲಿಸಿ. ಹೊಸದಾಗಿ ಹೊಲಿಸಿದ್ದನ್ನು ಹಳೆಯದೆಂದು ಹೇಳಿ ಮಾರುವುದಷ್ಟೇ ಮೋಸ. ಚಹಾದ ನೀರು ಬಳಿದು, ಮರಳುಕಾಗದ ಉಜ್ಜಿ ಮುಪ್ಪು ತರಿಸುವ ಚಾಲಾಕಿಗಳಿಗೆ ಎಲ್ಲ ಊರಲ್ಲೂ ಗಿರಾಕಿಗಳಿದ್ದಾರೆ.

ನಮ್ಮ ಕಾನೂನೂ ಈಗ ಹಳೆಯ ವಾಹನಗಳನ್ನು ಗುರುತಿಸಿದೆ. 2021ರ ಜುಲೈನಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಕಾರು, ಬೈಕುಗಳು ವಿಂಟೇಜ್ ವಾಹನಗಳು. ಅವುಗಳ ಹೊಸ ನೋಂದಣಿಗೆ ‘ವಿ.ಎ.’ ಅಕ್ಷರಗಳ ಫಲಕ, 20 ಸಾವಿರ ರೂಪಾಯಿ ಶುಲ್ಕ, 10 ವರ್ಷದ ಅವಧಿ ಎಂದು ನಿಯಮ ಗೊತ್ತುಮಾಡಿತು. ಚಾಸಿಸ್, ಮೈ, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಟು ಆಗಿರಬಾರದೆಂದು ನಿಯಮ ಹೇಳುತ್ತದೆ. ಗಾದಿಯ ಮಾತು ಅಲ್ಲಿಲ್ಲ. ಒಳಮೈಯ ಸತ್ಯವನ್ನು ಕಾನೂನು ಮಾಲೀಕನ ಮನಸ್ಸಾಕ್ಷಿಗೇ ಬಿಟ್ಟಿದೆ.

ಆ ಮನಸ್ಸಾಕ್ಷಿಗೆ ಹೆಚ್ಚು ಖರ್ಚಿಲ್ಲ. ಬಿಚ್ಚುವ ಮೊದಲು ಎಲ್ಲ ಮಗ್ಗುಲಿನಿಂದ ಫೋಟೊ ತೆಗೆಯುವುದು. ಬಿಚ್ಚುವಾಗ ತೂತುಗಳ ಸಾಲು ಎಣಿಸಿ ಬರೆದಿಡುವುದು. ಪ್ರತಿ ಪದರದಿಂದ ಅಂಗೈಯಗಲದ ತುಂಡು ಕತ್ತರಿಸಿ, ಎಲ್ಲಿಯದು, ಯಾವಾಗ ತೆಗೆದದ್ದು ಎಂದು ಬರೆದು, ಕಾಗದದ ಲಕೋಟೆಯಲ್ಲಿ ಬಿಸಿಲಿಗೆ ದೂರವಾಗಿ ಇಡುವುದು. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ತೇವ ನಿಲ್ಲುತ್ತದೆ. ಗಾದಿ ಹೊಲಿಯುವ ಹಿರಿಯ ಕೈಯೊಂದು ಊರಲ್ಲಿ ಇನ್ನೂ ಇದ್ದರೆ ಅವನನ್ನು ಕರೆತಂದು ಹಳೆಯ ಹೊಲಿಗೆ ತೋರಿಸುವುದು. ಮೊಳೆ ಹೊಡೆದ ರೀತಿ ಕಂಡೇ ‘ಇದು ಕಾರ್ಖಾನೆಯದು, ಇದು ನಮ್ಮೂರ ಕೈ’ ಎಂದು ಹೇಳಬಲ್ಲವರು ಅವರು. ಸ್ಟೇಪಲ್ ಪಿನ್ನಿನ ಯುಗದಲ್ಲಿ ಅಂಥ ಕೈಗಳು ಒಂದೊಂದಾಗಿ ವಿರಮಿಸುತ್ತಿವೆ. ಹೊಸ ಗಾದಿ ಹೊಲಿಸಿದ ಮೇಲೆ ಅದರ ಅಡಿಯಲ್ಲಿ ದಿನಾಂಕ ಬರೆದ ಒಂದು ಚೀಟಿ ಅಂಟಿಸಿಬಿಟ್ಟರೆ, ಇನ್ನೈವತ್ತು ವರ್ಷಕ್ಕೆ ಆ ಸೀಟು ಎತ್ತುವವರು ನಿಮ್ಮನ್ನು ಬೈಯುವುದಿಲ್ಲ.